ಗಿಟಾರಿಗೆ ಹೊಸ ಕಿವಿ, ಪ್ಲಗ್ಗಿಗೆ ಮೂರನೇ ಕಾಲು!

ಗಣೇಶನ ಹಬ್ಬ ಹತ್ತಿರ ಬಂತು ಅಂದ್ರೆ ದಾವಣಗೆರೆ ಮಂಡಿಪೇಟೆಯ ಅಂಗಡಿಯವರಿಗೆ ಎರಡು ಎದೆಬಡಿತ. ಒಂದು ವ್ಯಾಪಾರದ್ದು. ಇನ್ನೊಂದು ರಸೀದಿ ಪುಸ್ತಕ ಹಿಡ್ಕೊಂಡು ಮೆಟ್ಟಿಲು ಹತ್ತೋ ಹುಡುಗರದ್ದು. ಚಂದಾ ಕೊಡದೆ ವಿಧಿಯಿಲ್ಲ, ಕೊಟ್ಟ ಮೇಲೆ ಲೆಕ್ಕ ಕೇಳೋ ಧೈರ್ಯವಿಲ್ಲ. ಆ ದುಡ್ಡಿನಲ್ಲಿ ಪೆಂಡಾಲಿಗೆ ಎಷ್ಟು, ಮೂರ್ತಿಗೆ ಎಷ್ಟು, ಸೀರಿಯಲ್ ಸೆಟ್ಟಿಗೆ ಎಷ್ಟು ಹೋಯ್ತು ಅನ್ನೋದು ಆ ವಿಘ್ನೇಶ್ವರನಿಗೇ ಗೊತ್ತು. ಆದರೆ ಒಂದು ಬಾಬತ್ತು ಮಾತ್ರ ಇಡೀ ಬಡಾವಣೆಯ ಕಿವಿಗೆ ಬೀಳುತ್ತೆ. ಅದೇ ರಸಮಂಜರಿ.

ರಾತ್ರಿ ಕೊನೆ ಬಸ್ಸಿಗೆ ಕಾಯ್ತಾ ನಿಂತವರೂ ಕೇಳಿರ್ತೀರಿ. ದೂರದಲ್ಲಿ ಹಾಡು, ಹಾಡಿನ ಹಿಂದೆ ಡ್ರಮ್ಮು, ಅದರ ಜೊತೆಗೇ ಹಾಡು ನಿಂತರೂ ನಿಲ್ಲದ ಒಂದು 'ಗುಂಯ್' ಶಬ್ದ. ಜೇನುಗೂಡಿಗೆ ಕಲ್ಲು ಹೊಡೆದ ಹಾಗೆ. "ಮೈಕ್ ಸೆಟ್ಟಿನವನು ಸರಿಯಿಲ್ಲ" ಅಂತ ಎಲ್ಲರೂ ಮೈಕ್ ಸೆಟ್ಟಿನವನನ್ನೇ ಬೈತಾರೆ. ಎಷ್ಟೋ ಸಲ ತಪ್ಪು ಅವನದಲ್ಲ. ಗುಂಯ್‌ಗುಡೋದು ಗಿಟಾರ್. ಅದರ ಹೊಟ್ಟೆಯೊಳಗಿನ ಪಿಕಪ್ಪು!

ಪಿಕಪ್ಪು ಅಂದ್ರೆ ಬಸ್ಸಿನ ಪಿಕಪ್ಪಲ್ಲ ಸ್ವಾಮಿ. ಎಲೆಕ್ಟ್ರಿಕ್ ಗಿಟಾರಿನ ತಂತಿಗಳ ಕೆಳಗೆ ಸೋಪಿನ ಬಿಲ್ಲೆ ಥರ ಉದ್ದುದ್ದಕ್ಕೆ ಕೂತಿರುತ್ತಲ್ಲ, ಅದು. ಸಾಧಾರಣ ಗಿಟಾರಿಗೆ ಹೊಟ್ಟೆ ಟೊಳ್ಳು, ಮಧ್ಯ ತೂತು, ಸದ್ದು ಅಲ್ಲಿಂದ ಬರುತ್ತೆ. ಎಲೆಕ್ಟ್ರಿಕ್ ಗಿಟಾರು ಬಹುಮಟ್ಟಿಗೆ ಗಟ್ಟಿ ಮರದ ಹಲಗೆ. ತಂತಿ ಮೀಟಿದರೆ ಪಕ್ಕದಲ್ಲಿ ಕೂತವನಿಗೂ ಸರಿಯಾಗಿ ಕೇಳಲ್ಲ. ಕೇಳಿಸಿಕೊಂಡು ಆಂಪ್ಲಿಫಯರಿಗೆ ದಾಟಿಸೋ ಕಿವಿ ಈ ಪಿಕಪ್ಪೇ. ಕಿವಿ ಕೆಟ್ಟರೆ ಗಿಟಾರ್ ಬರೀ ಸೌದೆ.

ಝೆರಾಕ್ಸ್ ಅಂಗಡಿಯ ಹುಡುಗ

ಇಂಥ ಒಂದು ಸೌದೆಯನ್ನು ಚೀಲದಲ್ಲಿ ಹಾಕ್ಕೊಂಡು ಮೊನ್ನೆ ಒಬ್ಬ ಹುಡುಗ ಬಸ್ಸಿಳಿದ. ಹಗಲು ಝೆರಾಕ್ಸ್ ಅಂಗಡಿಯಲ್ಲಿ ಕೆಲಸ, ರಾತ್ರಿ ಆರ್ಕೆಸ್ಟ್ರಾದಲ್ಲಿ ಗಿಟಾರು. ಹಬ್ಬದ ಹತ್ತು-ಹದಿನೈದು ದಿನವೇ ಅವನಿಗೆ ಸುಗ್ಗಿ. ಆಮೇಲೆ ಮದುವೆ ಸೀಸನ್ನಿನವರೆಗೆ ಝೆರಾಕ್ಸೇ ಗತಿ. ಈಗಂತೂ ಒಂದೇ ಕೀಬೋರ್ಡಿನಲ್ಲಿ ಕೊಳಲು, ಪಿಟೀಲು, ಗಿಟಾರು ಎಲ್ಲಾ ಬರೋದರಿಂದ, "ನಿನ್ನ ಗಿಟಾರು ಗುಂಯ್ ಅಂದ್ರೆ ಬಿಡಪ್ಪ, ಕೀಬೋರ್ಡ್‌ನೋನೇ ಬಾರಿಸ್ಕೊತಾನೆ" ಅಂತ ಪಾರ್ಟಿಯ ಯಜಮಾನ ಅಂದುಬಿಟ್ಟಿದ್ದನಂತೆ. ಹುಡುಗನ ಮುಖದಲ್ಲಿ ರಕ್ತ ಇರಲಿಲ್ಲ.

ಅವನು ಬಂದಿದ್ದು ಒಬ್ಬ ಹಳೇ ರೇಡಿಯೋ ಮೆಕ್ಯಾನಿಕ್ ಹತ್ತಿರ. ಹೆಸರು ಹಾಕಬೇಡಿ ಅಂದರು, ಹಾಕಲ್ಲ. ಊರವರು ಚಾಚಾ ಅಂತಾರೆ. ಒಂದು ಕಾಲದಲ್ಲಿ ಗೋಡೆ ತುಂಬ ಮರ್ಫಿ, ಬುಶ್ ರೇಡಿಯೋ ಸಾಲಾಗಿದ್ದವು. ಈಗ ಮಿಕ್ಸಿ, ಇನ್ವರ್ಟರ್, ಮಕ್ಕಳ ಆಟದ ಕಾರು. ಗಿಟಾರ್ ಕೈಗೆ ತಗೊಂಡು ತಿರುವಿ ನೋಡಿದರು.

"ತಮ್ಮಾ, ಗಿಟಾರ್ ಸತ್ತಿಲ್ಲ ಕಣೋ. ಕಿವಿ ಸತ್ತೈತೆ. ಮೂರರಾಗೆ ಒಂದು."

ಮೀಟರ್ ಹಚ್ಚಿದರು. ಒಂದು ಪಿಕಪ್ಪು 5 ಸಾವಿರದ ಚಿಲ್ಲರೆ ಓಮ್ ತೋರಿಸಿತು, ಇನ್ನೊಂದೂ ಅಷ್ಟೇ. ನಡುವಿನದು ಏನೂ ತೋರಿಸಲಿಲ್ಲ. ಅಂದ್ರೆ ಒಳಗೆ ತಂತಿ ತುಂಡು. ಕೈ ಬೆವರು ಇಳಿದೂ ಇಳಿದೂ ತಾಮ್ರ ಹಸಿರು ಹಿಡಿದಿತ್ತು.

ಅದನ್ನೇ ಮತ್ತೆ ಸುತ್ತಿಸಬಾರದಾ? ಪಂಪ್‌ಸೆಟ್ ಮೋಟಾರ್ ವೈಂಡಿಂಗ್ ಮಾಡೋ ಅಂಗಡಿಗಳಿಗೆ ನಮ್ಮೂರಲ್ಲಿ ಬರವೇ? ಈ ಪ್ರಶ್ನೆಯನ್ನ ನಾನೇ ಕೇಳಿದೆ. ಚಾಚಾ ನಕ್ಕರು. ಪಂಪ್‌ಸೆಟ್ಟಿನ ತಂತಿ ಜನಿವಾರದಷ್ಟು ದಪ್ಪ ಇದ್ದರೆ ಇದು ತಲೆಕೂದಲಿನಷ್ಟು. 42 ಗೇಜು. ಮಿಲಿಮೀಟರಿನ ಹದಿನಾರನೇ ಒಂದು ಭಾಗ. ಅದನ್ನು ಒಂದು ಪುಟ್ಟ ಬಾಬಿನ್ನಿನ ಮೇಲೆ 7-8 ಸಾವಿರ ಸುತ್ತು ಸುತ್ತಬೇಕು. ಬಿಚ್ಚಿ ನೆಟ್ಟಗೆ ಎಳೆದರೆ ಒಂದು ಕಿಲೋಮೀಟರಿಗೂ ಉದ್ದ! ಒಂದು ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಡಬ್ಬಿಯೊಳಗೆ ಒಂದು ಕಿಲೋಮೀಟರ್ ತಂತಿ ಕೂತಿದೆ ಅಂದ್ರೆ ನಂಬ್ತೀರಾ? ಕೈ ಸ್ವಲ್ಪ ಬಿಗಿಯಾದರೆ ಪಟ್. ಮತ್ತೆ ಮೊದಲಿಂದ. ಸುತ್ತೋರು ಇದ್ದಾರೆ, ಇಲ್ಲ ಅಂತಲ್ಲ. ಅದಕ್ಕೇ ಬೇರೆ ಮೆಷಿನ್ನು, ಬೇರೆ ತಾಳ್ಮೆ. ಹಬ್ಬ ವಾರದಲ್ಲಿ ಇರುವಾಗ ಅದೆಲ್ಲ ಆಗೋ ಮಾತಲ್ಲ. ಹುಡುಗ ಬುದ್ಧಿವಂತ, ಬೆಂಗಳೂರಿನ ಸ್ನೇಹಿತನ ಕೈಯಲ್ಲಿ ಮೂರೂ ಪಿಕಪ್ಪಿನ ಹೊಸ ಸೆಟ್ಟೇ ತರಿಸಿಟ್ಟುಕೊಂಡಿದ್ದ. ಒಂದು ರಾತ್ರಿಯ ಪ್ರೋಗ್ರಾಮಿನ ಸಂಭಾವನೆ ಅದಕ್ಕೇ ಹೋಯ್ತಂತೆ.

ಅಯಸ್ಕಾಂತದ ಆಟ

ಇದು ಕೆಲಸ ಮಾಡೋದು ಹೇಗೆ? ಪಿಯುಸಿ ಅರ್ಧಕ್ಕೆ ಬಿಟ್ಟ ನನ್ನಂಥವನಿಗೂ ಅರ್ಥವಾಯ್ತು ಅಂದ ಮೇಲೆ ನಿಮಗೆ ಆಗದೇ ಇರುತ್ತಾ? 1831ರಲ್ಲಿ ಇಂಗ್ಲೆಂಡಿನ ಮೈಕೆಲ್ ಫ್ಯಾರಡೆ ಕಂಡುಹಿಡಿದ ಸಂಗತಿ. ತಂತಿಸುರುಳಿಯ ಹತ್ತಿರ ಅಯಸ್ಕಾಂತದ ಬಲ ಹೆಚ್ಚುಕಮ್ಮಿ ಆಗ್ತಾ ಇದ್ದರೆ ಸುರುಳಿಯಲ್ಲಿ ಕರೆಂಟ್ ಹುಟ್ಟುತ್ತೆ. ನಮ್ಮ ಶರಾವತಿಯ ಜನರೇಟರಿನಿಂದ ಸೈಕಲ್ ಡೈನಮೋ ತನಕ ಎಲ್ಲದಕ್ಕೂ ಇದೇ ಮೂಲ. ಪಿಕಪ್ಪಿನಲ್ಲಿ ಆರು ತಂತಿಗೆ ಆರು ಸಣ್ಣ ಕಂಬ. ಕಂಬಗಳೇ ಅಯಸ್ಕಾಂತ, ಅಥವಾ ಅಡಿಯಲ್ಲಿ ಅಯಸ್ಕಾಂತದ ಪಟ್ಟಿ. ಸುತ್ತ ಆ ಕೂದಲೆಳೆಯ ಸುರುಳಿ. ಮೇಲೆ ಉಕ್ಕಿನ ತಂತಿ ನಡುಗಿದರೆ ಅಯಸ್ಕಾಂತದ ಬಲವೂ ನಡುಗುತ್ತೆ. ಐದನೇ ತಂತಿಯನ್ನು ಬಿಟ್ಟು ಮೀಟಿದರೆ ಸೆಕೆಂಡಿಗೆ 110 ಸಲ ನಡುಗುತ್ತೆ. ಸುರುಳಿಯಲ್ಲೂ 110 ಸಲ ಕರೆಂಟ್ ಆಚೀಚೆ ಆಗುತ್ತೆ. ಆಂಪ್ಲಿಫಯರ್ ಅದನ್ನೇ ದೊಡ್ಡದು ಮಾಡಿ ಸ್ಪೀಕರಿಗೆ ಕೊಡುತ್ತೆ. ನೈಲಾನ್ ತಂತಿ ಹಾಕಿ ನೋಡಿ, ಎಷ್ಟು ಮೀಟಿದರೂ ಪಿಕಪ್ಪು ಕಿವುಡು. ಅದಕ್ಕೆ ಉಕ್ಕೇ ಬೇಕು.

ಮೊದಲು ಇದನ್ನ ವ್ಯಾಪಾರಕ್ಕೆ ತಂದವರು ಅಮೆರಿಕದ ಲಾಸ್ ಏಂಜಲಿಸ್‌ನವರು. ಜಾರ್ಜ್ ಬೋಶಾಂಪ್ ಅನ್ನೋ ಗಿಟಾರ್ ವಾದಕ 1931ರಲ್ಲಿ ಮಾದರಿ ಮಾಡಿದ, 1932ರಲ್ಲಿ ರಿಕನ್‌ಬ್ಯಾಕರ್ ಕಂಪನಿ ಮಾರಾಟಕ್ಕೆ ಬಿಟ್ಟಿತು, ಪೇಟೆಂಟ್ ಸಿಕ್ಕಿದ್ದು 1937ರಲ್ಲಿ. ಸುರುಳಿ ಸುತ್ತೋಕೆ ಬಟ್ಟೆ ಒಗೆಯೋ ಮೆಷಿನ್ನಿನ ಮೋಟಾರನ್ನೇ ಬಳಸಿದ ಅಂತ ಹೇಳ್ತಾರೆ. ಆ ಗಿಟಾರು ನೋಡೋಕೆ ಬಾಣಲೆ ಥರ ಇದ್ದುದರಿಂದ ಜನ ಅದಕ್ಕೆ ಬಾಣಲೆ ಅಂತಲೇ ಹೆಸರಿಟ್ಟರು. ತೊಡೆ ಮೇಲೆ ಮಲಗಿಸಿ ಉಕ್ಕಿನ ಸಲಾಕೆ ಜಾರಿಸಿ ನುಡಿಸೋ ಹವಾಯಿಯನ್ ಗಿಟಾರು ಅದು. ಹಿಂದಿ ಚಿತ್ರಗೀತೆಗಳನ್ನು ಎಲೆಕ್ಟ್ರಿಕ್ ಗಿಟಾರಿನಲ್ಲಿ ನುಡಿಸಿ ರೆಕಾರ್ಡು ಕೊಟ್ಟ ವಾನ್ ಶಿಪ್ಲೆ ಹೆಸರು ಹಳೇ ರೇಡಿಯೋ ಕೇಳುಗರಿಗೆ ನೆನಪಿರಬಹುದು. ಇನ್ನು ಮ್ಯಾಂಡೊಲಿನ್ ಯು. ಶ್ರೀನಿವಾಸ್ ಕಛೇರಿ ಕೇಳದವರು ಯಾರು? ಅವರ ಆ ಐದು ತಂತಿಯ ಎಲೆಕ್ಟ್ರಿಕ್ ಮ್ಯಾಂಡೊಲಿನ್ನಿನಲ್ಲಿ ತ್ಯಾಗರಾಜರ ಕೃತಿ ಹೊಮ್ಮಿದ್ದೂ ಇಂಥದೇ ಪಿಕಪ್ಪಿನ ದಾರಿಯಿಂದ.

ಚಾಚಾ ಮಾತ್ರ ಇನ್ನೊಂದು ಹೆಸರನ್ನು ಕೇಳಿ ಖುಷಿಪಟ್ಟರು. ಲಿಯೋ ಫೆಂಡರ್. ಹುಡುಗನ ಗಿಟಾರು ಈತ 1954ರಲ್ಲಿ ತಂದ ಸ್ಟ್ರಾಟೋಕ್ಯಾಸ್ಟರ್ ಮಾದರಿಯ ನಕಲು. ಈ ಫೆಂಡರ್ ಲೆಕ್ಕ ಬರೆಯೋ ಕೆಲಸ ಕಳೆದುಕೊಂಡು, 1938ರಲ್ಲಿ ಕ್ಯಾಲಿಫೋರ್ನಿಯಾದ ಫುಲರ್‌ಟನ್ನಿನಲ್ಲಿ ರೇಡಿಯೋ ರಿಪೇರಿ ಅಂಗಡಿ ತೆಗೆದವನು. ತಮಾಷೆ ಅಂದ್ರೆ ಅವನಿಗೆ ಗಿಟಾರ್ ನುಡಿಸೋಕೇ ಬರ್ತಿರಲಿಲ್ಲ! "ನಮ್ಮ ಜಾತಿಯವನೇ" ಅಂದರು ಚಾಚಾ. ರೇಡಿಯೋ ಜಾತಿ ಅಂತ.

ಆ ರಿಪೇರಿ ಬುದ್ಧಿ ಗಿಟಾರಿನಲ್ಲೂ ಕಾಣುತ್ತೆ. ಪಿಕಪ್ಪು, ಸ್ವಿಚ್ಚು, ವಾಲ್ಯೂಮ್, ಟೋನು ಎಲ್ಲವನ್ನೂ ಮುಂದಿನ ಒಂದೇ ಪ್ಲಾಸ್ಟಿಕ್ ಫಲಕಕ್ಕೆ ಕಟ್ಟಿಬಿಟ್ಟಿದ್ದಾನೆ. ತಂತಿ ಬಿಚ್ಚಿ ಫಲಕದ ಹನ್ನೊಂದು ಸ್ಕ್ರೂ ತೆಗೆದರೆ ಇಡೀ ಸಂಸಾರ ಮಗುಚಿಕೊಂಡು ಕೈಗೆ ಬರುತ್ತೆ.

ಬೆಸುಗೆ ಶುರು

ಇಲ್ಲಿ ಚಾಚಾ ಮೊದಲು ಮಾಡಿದ್ದು ಬೆಸುಗೆ ಅಲ್ಲ. ಹುಡುಗನ ಮೊಬೈಲಿನಲ್ಲಿ ಫೋಟೋ ತೆಗೆಸಿದರು. ಸಾಲದು ಅಂತ ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಪೆನ್ಸಿಲಿನಿಂದ ಯಾವ ತಂತಿ ಎಲ್ಲಿಗೆ ಅಂತ ನಕ್ಷೆ ಬರೆದರು. "ಬಿಚ್ಚೋದು ಎಲ್ಲರಿಗೂ ಬರ್ತದೆ. ಕಟ್ಟುವಾಗ ಗೊತ್ತಾಗ್ತದೆ ಬಂಡವಾಳ." ಈ ಮಾತನ್ನು ಮೊಬೈಲ್ ರಿಪೇರಿಗೆ ಕೂತಿರೋ ಕೆಲವು ಹುಡುಗರ ಅಂಗಡಿ ಮುಂದೆ ಬೋರ್ಡ್ ಬರೆಸಿ ಹಾಕಬೇಕು.

ಹೊಸ ಮೂರನ್ನೂ ಹಾಕುವ ಮುಂಚೆಯೇ ಮೀಟರಿನಲ್ಲಿ ನೋಡಿದರು. ಮೂರೂ ಜೀವಂತ. ಸೇತುವೆಯ ಹತ್ತಿರದ್ದು, ಅಂದ್ರೆ ತಂತಿಗಳ ಬುಡದಲ್ಲಿ ಕೂರೋದು, ಸ್ವಲ್ಪ ಹೆಚ್ಚು ಓಮ್ ತೋರಿಸಿತು. ಅದು ಹಾಗೇ ಇರಬೇಕು. ಬುಡದಲ್ಲಿ ತಂತಿ ಕಮ್ಮಿ ಅಲುಗಾಡೋದರಿಂದ ಅಲ್ಲಿ ಸುತ್ತು ಜಾಸ್ತಿ ಹಾಕಿರ್ತಾರೆ. ನಡುವಿನದನ್ನು ನಡುವೆಯೇ ಹಾಕಬೇಕು. ಅದರಲ್ಲಿ ಸುತ್ತೂ ತಿರುಗು, ಅಯಸ್ಕಾಂತವೂ ತಿರುಗು. ಯಾಕೆ ಅನ್ನೋದು ಮುಂದೆ.

ಒಂದು ಪಿಕಪ್ಪಿಗೆ ಎರಡು ತಂತಿ. ಸಾಮಾನ್ಯವಾಗಿ ಬಿಳಿಯದು ಸಿಗ್ನಲ್ಲು, ಕಪ್ಪು ಅರ್ತ್. ಆದರೆ ಕಂಪನಿಗೊಂದು ಬಣ್ಣ, ಡಬ್ಬಿಯಲ್ಲಿ ಕೊಟ್ಟ ಚೀಟಿ ಓದದೆ ಕೈಹಾಕಬಾರದು. ಮೂರು ಸಿಗ್ನಲ್ಲೂ ಸ್ವಿಚ್ಚಿನ ಮೂರು ಕಾಲಿಗೆ. ಸ್ವಿಚ್ಚಿನಿಂದ ಒಂದೇ ತಂತಿ ವಾಲ್ಯೂಮ್ ಕಂಟ್ರೋಲಿನ ಒಂದು ತುದಿಗೆ. ವಾಲ್ಯೂಮಿನ ನಡುಗಾಲಿನಿಂದ ಜ್ಯಾಕಿನ ತುದಿಗೆ. ಕಪ್ಪು ತಂತಿಗಳೆಲ್ಲ ವಾಲ್ಯೂಮಿನ ಲೋಹದ ಬೆನ್ನಿಗೆ, ಅಲ್ಲಿಂದ ಜ್ಯಾಕಿನ ಹೊರಕವಚಕ್ಕೆ. ಇಷ್ಟೇ. ಟೋನಿಗೆ ಒಂದು ಸಣ್ಣ ಕಂಡೆನ್ಸರ್, ಪಾಯಿಂಟ್ ಸೊನ್ನೆ ನಾಲ್ಕು ಏಳೋ, ಸೊನ್ನೆ ಎರಡು ಎರಡೋ ಮೈಕ್ರೋಫ್ಯಾರಡ್. ಗುಂಡಿ ತಿರುಗಿಸಿದಂತೆ ಕೀರಲು ಸ್ವರವನ್ನು ಅರ್ತಿಗೆ ಇಳಿಸಿ ದನಿಯನ್ನ ಮೆತ್ತಗೆ ಮಾಡುತ್ತೆ. ವಾಲ್ಯೂಮು, ಟೋನು ಎರಡೂ 250 ಕಿಲೋ ಓಮಿನವು. ಜೋಡಿ ಸುರುಳಿಯ ಪಿಕಪ್ಪಾದರೆ 500 ಹಾಕ್ತಾರೆ, ಇಲ್ಲದಿದ್ದರೆ ದನಿ ಮಂಕಾಗುತ್ತೆ.

ಹೇಳೋಕೆ ಸುಲಭ. ಕಷ್ಟ ಇರೋದು ಆ ಲೋಹದ ಬೆನ್ನಿನಲ್ಲಿ. ನುಣ್ಣಗಿನ ತಗಡು, ಲೆಡ್ಡು ಅಂಟೋದೇ ಇಲ್ಲ. ಹೊಸಬರು ಐರನ್ನನ್ನು ಅರ್ಧ ನಿಮಿಷ ಒತ್ತಿ ಹಿಡಿದು ಒಳಗಿನ ಕಾರ್ಬನ್ ಸುಟ್ಟು, ಆಮೇಲೆ ವಾಲ್ಯೂಮು ಕರಕರ ಅಂತದೆ ಅಂತ ಅಳ್ತಾರೆ. ಚಾಚಾ ಬ್ಲೇಡಿನಿಂದ ಬೆನ್ನು ಕೆರೆದರು. ತಂತಿ ತುದಿಗೆ ಮೊದಲೇ ಲೆಡ್ಡು ಕುಡಿಸಿದರು. ಐರನ್ ಇಟ್ಟು ಮೂರ್ನಾಲ್ಕು ಎಣಿಸೋದರಲ್ಲಿ ಕೆಲಸ ಮುಗಿಸಿ ಎತ್ತಿದರು. ಆರುವ ತನಕ ಉಸಿರು ಬಿಡಲಿಲ್ಲ, ತಂತಿ ಅಲುಗಲಿಲ್ಲ. ಆರಿದ ಮೇಲೆ ಬೆಸುಗೆ ಹೊಸ ಎಂಟಾಣೆ ಥರ ಹೊಳೀಬೇಕು. ಮಸುಕಾಗಿ, ಹರಳುಹರಳಾಗಿ ಕಂಡರೆ ಅದು ಹುಸಿ ಬೆಸುಗೆ. ಅಂಗಡಿಯಲ್ಲಿ ನುಡಿಯುತ್ತೆ, ಸ್ಟೇಜಿನಲ್ಲಿ ಕೈಕೊಡುತ್ತೆ. ಪೇಸ್ಟ್ ವಿಷಯದಲ್ಲೂ ಅವರದು ಹಟ. ರಾಳದ್ದೇ ಆಗಬೇಕು, ತಗಡಿನ ಕೊಡ ಬೆಸೆಯೋ ಆಸಿಡ್ ಪೇಸ್ಟು ತಾಗಿದರೆ ಆ ಕೂದಲೆಳೆ ವರ್ಷದೊಳಗೆ ತುಕ್ಕು ತಿಂದು ಹೋಗುತ್ತೆ.

ಸ್ವಿಚ್ಚಿನದೊಂದು ಕಥೆ ಇದೆ. ಫೆಂಡರ್ ಮೊದಲು ಇಟ್ಟಿದ್ದು ಮೂರೇ ಗೇರು: ಬುಡದ ಪಿಕಪ್ಪು, ನಡುವಿನದು, ಕತ್ತಿನ ಹತ್ತಿರದ್ದು. ವಾದಕರು ಸುಮ್ಮನಿರ್ತಾರಾ? ಸ್ವಿಚ್ಚನ್ನು ಎರಡು ಗೇರಿನ ನಡುವೆ ಸಿಕ್ಕಿಸಿ ನೋಡಿದರು. ಎರಡೆರಡು ಪಿಕಪ್ಪು ಒಟ್ಟಿಗೆ ನುಡಿದು ಬೇರೆಯೇ ಒಂದು ಗಂಟೆದನಿ ಬಂತು. ಎಲ್ಲರೂ ಹಾಗೇ ಸಿಕ್ಕಿಸೋಕೆ ಶುರು ಮಾಡಿದ ಮೇಲೆ 1977ರಲ್ಲಿ ಕಂಪನಿಯೇ ಐದು ಗೇರಿನ ಸ್ವಿಚ್ಚು ಕೊಟ್ಟಿತು. ಕಂಪನಿಗೆ ಬುದ್ಧಿ ಬರೋಕೆ 23 ವರ್ಷ!

ಫಲಕ ಮುಚ್ಚುವ ಮೊದಲೇ ಪರೀಕ್ಷೆ. ಆಂಪ್ಲಿಫಯರಿಗೆ ಸಿಕ್ಕಿಸಿ, ಸ್ಕ್ರೂಡ್ರೈವರಿನ ತುದಿಯಿಂದ ಒಂದೊಂದು ಪಿಕಪ್ಪನ್ನೂ ಮೆಲ್ಲಗೆ ಮುಟ್ಟಿದರು. ಟಕ್, ಟಕ್, ಟಕ್. ಐದೂ ಗೇರಿನಲ್ಲಿ ಯಾವುದು ಬದುಕಿರಬೇಕೋ ಅದೇ ಟಕ್ ಅಂದಿತು. ಆಮೇಲೆ ತಂತಿ ಕಟ್ಟಿ ಎರಡು ಪಿಕಪ್ಪು ಒಟ್ಟಿಗೆ ನುಡಿಸಿದಾಗ ದನಿ ಶೀತ ಹಿಡಿದವರ ಹಾಗೆ ತೆಳ್ಳಗೆ ಬಂದರೆ ಒಂದರ ಎರಡು ತಂತಿ ಅದಲುಬದಲಾಗಿದೆ ಅಂತ ಅರ್ಥ. ಇವರಿಗೆ ಹಾಗಾಗಲಿಲ್ಲ.

ಗುಂಯ್ ಎಲ್ಲಿಂದ?

ಈಗ ಆ ಜೇನುಗೂಡಿನ ವಿಷಯ. ಒಂದು ಕಿಲೋಮೀಟರ್ ತಂತಿ ಸುತ್ತಿಟ್ಟರೆ ಅದು ಗಿಟಾರಿನ ತಂತಿಯ ಮಾತನ್ನಷ್ಟೇ ಕೇಳುತ್ತಾ? ಬೀದಿಯಲ್ಲಿ ಹೋಗೋರ ಮಾತನ್ನೂ ಕೇಳುತ್ತೆ. ನಮ್ಮ ಮನೆ ಕರೆಂಟು ಸೆಕೆಂಡಿಗೆ 50 ಸಲ ಆಚೀಚೆ ಆಗುತ್ತೆ. ಟ್ಯೂಬ್‌ಲೈಟಿನ ಚೋಕು, ಟ್ರಾನ್ಸ್‌ಫಾರ್ಮರು, ಪೆಂಡಾಲಿನ ಡಿಮ್ಮರು ಎಲ್ಲವೂ ಸುತ್ತ ಅದನ್ನೇ ಉಗುಳ್ತಾ ಇರುತ್ತವೆ. ಪಿಕಪ್ಪಿನ ಸುರುಳಿ ಅದನ್ನೂ ಹಿಡಿದು ಆಂಪ್ಲಿಫಯರಿಗೆ ಕೊಡುತ್ತೆ. ಅದೇ ಗುಂಯ್. ಗಿಟಾರ್ ಹಿಡಿದವನು ನಿಂತಲ್ಲೇ ಸ್ವಲ್ಪ ತಿರುಗಿದರೆ ಗುಂಯ್ ಹೆಚ್ಚುಕಮ್ಮಿ ಆಗೋದನ್ನು ನೀವೇ ಗಮನಿಸಬಹುದು.

ಇದಕ್ಕೆ ಮದ್ದು ಅರೆದವನು ಗಿಬ್ಸನ್ ಕಂಪನಿಯ ಸೆತ್ ಲವರ್. ಎರಡು ಸುರುಳಿ ಪಕ್ಕಪಕ್ಕ ಇಟ್ಟು, ಒಂದಕ್ಕೊಂದು ಸುತ್ತು ತಿರುಗು, ಅಯಸ್ಕಾಂತವೂ ತಿರುಗು ಮಾಡಿದ. ಹೊರಗಿನ ಗುಂಯ್ ಎರಡು ಸುರುಳಿಯಲ್ಲಿ ಎದುರುಬದುರಾಗಿ ಹುಟ್ಟಿ ಒಂದನ್ನೊಂದು ಹೊಡೆದುಹಾಕುತ್ತೆ. ಗಿಟಾರಿನ ದನಿಗೆ ಅಯಸ್ಕಾಂತವೂ ತಿರುಗಿರೋದರಿಂದ ಎರಡು ತಿರುಗು ಸೇರಿ ನೆಟ್ಟಗಾಗಿ ಒಂದಕ್ಕೊಂದು ಕೂಡಿಕೊಳ್ಳುತ್ತೆ. ಕಳ್ಳರು ಕಚ್ಚಾಡಿಕೊಂಡು ಹೋದರು, ಮನೆಯವರು ಉಳಿದರು! 1955ರಲ್ಲಿ ಅರ್ಜಿ ಹಾಕಿದ, 1959ರಲ್ಲಿ ಪೇಟೆಂಟ್ ಸಿಕ್ಕಿತು. ಹಂಬಕರ್ ಅಂತ ಅದರ ಹೆಸರು. ಹುಡುಗನ ಹೊಸ ಸೆಟ್ಟಿನ ನಡುವಿನ ಪಿಕಪ್ಪು ತಿರುಗು ಇರೋದೂ ಇದೇ ಕಾರಣಕ್ಕೆ. ಎರಡನೇ, ನಾಲ್ಕನೇ ಗೇರಿನಲ್ಲಿ ಪಕ್ಕದವನ ಜೊತೆ ಸೇರಿದಾಗ ಗುಂಯ್ ಅಡಗುತ್ತೆ. ಮಿಕ್ಕ ಮೂರು ಗೇರಿನಲ್ಲಿ ಸ್ವಲ್ಪ ಇದ್ದೇ ಇರುತ್ತೆ, ಸಹಿಸಬೇಕು.

ಗುಂಯ್‌ಗೆ ಇನ್ನೊಂದು ಕಾರಣ, ಗಿಟಾರಿನ ಬೆನ್ನಿನ ಸ್ಪ್ರಿಂಗಿಗೆ ಬೆಸೆದ ಒಂದೇ ಒಂದು ತಂತಿ. ಅದು ಆರೂ ತಂತಿಗಳನ್ನು ಅರ್ತಿಗೆ ಸೇರಿಸುತ್ತೆ. ನುಡಿಸುವವನ ಮೈಯೂ ಗುಂಯ್ ಹಿಡಿಯೋ ಆಂಟೆನಾ. ಕೈ ತಂತಿಗೆ ತಾಗಿದ ಕೂಡಲೇ ಅವನೂ ಅರ್ತಾಗಿ ಗುಂಯ್ ಇಳಿಯುತ್ತೆ. ಈ ಹುಡುಗನ ಗಿಟಾರಿನಲ್ಲಿ ಅದು ಕಿತ್ತುಬಂದಿತ್ತು. ಚಾಚಾ ಬೆಸೆದು, ಮೀಟರಿನ ಒಂದು ಕಡ್ಡಿ ತಂತಿಗೆ, ಇನ್ನೊಂದು ಜ್ಯಾಕಿನ ಹೊರಕವಚಕ್ಕೆ ಹಿಡಿದು ನೋಡಿದರು. ಸೊನ್ನೆ. ಸರಿಯಾಯ್ತು.

ಅಷ್ಟಕ್ಕೆ ಮುಗೀತು ಅಂತ ನಾನು ನೋಟ್‌ಬುಕ್ ಮುಚ್ಚಿದ್ದೆ. ಚಾಚಾ ಮುಗಿಸಲಿಲ್ಲ.

"ಮೂರನೇ ಪಿನ್ ಎಲ್ಲೋ?"

"ನಿನ್ನ ಆಂಪು ತಂದೀಯಾ? ಅದರ ಪ್ಲಗ್ ತೋರಿಸು" ಅಂದರು. ಹುಡುಗ ತೋರಿಸಿದ. ಮೂರು ಕಾಲಿನ ಪ್ಲಗ್ಗಿನಲ್ಲಿ ಮೇಲಿನ ದಪ್ಪ ಕಾಲು ಮುರಿದಿತ್ತು.

"ಮುರಿದದ್ದಲ್ಲ ಚಾಚಾ, ಮುರಿಸಿದ್ದು. ಸೌಂಡ್‌ನೋರು ಹೇಳಿದ್ರು. ಅರ್ತ್ ತೆಗೆದ್ರೆ ಗುಂಯ್ ಕಮ್ಮಿ ಆಗ್ತದೆ ಅಂತ."

ಮುದುಕರ ಮುಖ ಕೆಂಪಗಾಯ್ತು. ಓದುಗರು ಈ ಭಾಗವನ್ನ ಸ್ವಲ್ಪ ನಿಧಾನವಾಗಿ ಓದಬೇಕು.

ಗಿಟಾರು ತಾನಾಗಿ ಶಾಕ್ ಕೊಡಲ್ಲ. ಪಿಕಪ್ಪಿನಲ್ಲಿ ಹುಟ್ಟೋದು ಒಂದು ವೋಲ್ಟಿಗೂ ಕಮ್ಮಿ. ಇರುವೆ ಕಚ್ಚಿದಷ್ಟೂ ಇಲ್ಲ. ಆದರೆ ಗಿಟಾರಿನ ತಂತಿ ಅರ್ತ್ ಅಂತ ಹೇಳಿದೆನಲ್ಲ, ಅದು ಯಾವ ಅರ್ತ್? ಆಂಪ್ಲಿಫಯರಿನ ಕಬ್ಬಿಣದ ಡಬ್ಬಿ. ಆ ಡಬ್ಬಿಯನ್ನು ನಿಜವಾದ ಭೂಮಿಗೆ ಸೇರಿಸೋದು ಪ್ಲಗ್ಗಿನ ಮೂರನೇ ಕಾಲು. ಅದು ಇಲ್ಲ ಅಂದ್ಕೊಳ್ಳಿ. ಒಳಗೆ ಎಲ್ಲೋ ಇನ್ಸುಲೇಷನ್ ಸವೆದು ಫೇಸು ಡಬ್ಬಿಗೆ ತಾಗಿತು ಅಂದ್ಕೊಳ್ಳಿ. ಡಬ್ಬಿಗೆ 230 ವೋಲ್ಟ್. ಡಬ್ಬಿಯಿಂದ ಕೇಬಲ್ಲಿಗೆ, ಕೇಬಲ್ಲಿಂದ ಗಿಟಾರಿನ ಆರೂ ತಂತಿಗೆ 230 ವೋಲ್ಟ್. ತಂತಿಯ ಮೇಲೆ ಹುಡುಗನ ಕೈ. ಸುಮ್ಮನೆ ಮರದ ಹಲಗೆ ಮೇಲೆ ನಿಂತಿರೋವರೆಗೂ ಏನೂ ಗೊತ್ತಾಗದೇ ಇರಬಹುದು. ಹಾಡೋಕೆ ಅಂತ ಮುಂದೆ ಬಾಗಿ ಮೈಕಿಗೆ ತುಟಿ ತಾಗಿಸಿದ ನೋಡಿ, ಮೈಕಿನ ಜಾಲರಿ ಬೇರೆ ಕಡೆಯಿಂದ ಭೂಮಿಗೆ ಸೇರಿರುತ್ತೆ. ಕೈಯಿಂದ ತುಟಿಗೆ, ಎದೆಯ ಮೂಲಕ ಕರೆಂಟು. ಕೈ ತಂತಿಯನ್ನು ಬಿಗಿಹಿಡಿದು ಬಿಡೋದೇ ಇಲ್ಲ.

ಮೈಕು, ಗಿಟಾರು ಎರಡರಲ್ಲಿ ಯಾವುದರ ಅರ್ತ್ ಕೆಟ್ಟಿದ್ದರೂ ಫಲ ಒಂದೇ. ಇದು ಹೆದರಿಸೋ ಕಥೆಯಲ್ಲ. 1972ರ ಮೇ ತಿಂಗಳಲ್ಲಿ ವೇಲ್ಸ್ ದೇಶದ ಸ್ವಾನ್‌ಸೀ ಊರಿನಲ್ಲಿ ಲೆಸ್ ಹಾರ್ವೆ ಅನ್ನೋ ಗಿಟಾರ್ ವಾದಕ, ಸ್ಟೋನ್ ದ ಕ್ರೋಸ್ ತಂಡದವನು, ಅರ್ತ್ ಸರಿಯಿಲ್ಲದ ಮೈಕನ್ನು ಮುಟ್ಟಿ ಸ್ಟೇಜಿನ ಮೇಲೆ ಜನರ ಎದುರಿಗೇ ಸತ್ತ. ವಯಸ್ಸು 27. ನಾಲ್ಕು ವರ್ಷದ ಮೇಲೆ, 1976ರಲ್ಲಿ, ಯಾರ್ಡ್‌ಬರ್ಡ್ಸ್ ತಂಡದಲ್ಲಿ ಹಾಡ್ತಿದ್ದ ಕೀತ್ ರೆಲ್ಫ್ ತನ್ನ ಮನೆಯಲ್ಲೇ, ಅರ್ತ್ ಸರಿಯಿಲ್ಲದೆ ಎಲೆಕ್ಟ್ರಿಕ್ ಗಿಟಾರ್ ನುಡಿಸ್ತಾ ಸತ್ತ. ವಯಸ್ಸು 33. ಇಬ್ಬರೂ ಹೆಸರು ಮಾಡಿದವರು.

ಅಲ್ಲೇ ಹೀಗಾದರೆ ನಮ್ಮ ಪೆಂಡಾಲುಗಳ ಗತಿ ಏನು? ಭಾದ್ರಪದದ ಮಳೆ. ನೆಲ ಒದ್ದೆ, ತಗಡಿನ ಕಂಬ ಒದ್ದೆ. ಎರಡು ತಂತಿಯ ವೈರು ಕಂಬದಿಂದ ಕಂಬಕ್ಕೆ ಜೋತಾಡುತ್ತಾ ಬಂದು ಒಂದು ಎಕ್ಸ್‌ಟೆನ್ಷನ್ ಬಾಕ್ಸಿಗೆ. ಬಾಕ್ಸಿನಲ್ಲಿ ಮೂರು ತೂತು ಇರುತ್ತೆ, ಮೂರನೆಯದು ಎಲ್ಲಿಗೂ ಹೋಗಿರಲ್ಲ, ಬರೀ ಶೋಕಿಗೆ. ಪ್ಲಗ್ ಇಲ್ಲದ ಕಡೆ ಬೋಳು ವೈರನ್ನೇ ತೂತಿಗೆ ತುರುಕಿ ಬೆಂಕಿಕಡ್ಡಿ ಸಿಗಿಸಿರ್ತಾರೆ. ಜನರೇಟರು ತಂದರೆ ಅದರ ಮೈಗೆ ಅರ್ತ್ ಸಲಾಕೆ ಹೊಡೆಯೋರನ್ನು ದೀಪ ಹಚ್ಚಿ ಹುಡುಕಬೇಕು. ತಾತ್ಕಾಲಿಕ ಕನೆಕ್ಷನ್ ತಗೋಬೇಕು ಅಂತ ನಿಯಮ ಇದೆ. ನಿಯಮ ಕಾಗದದ ಮೇಲೆ ಚೆನ್ನಾಗಿದೆ. ಸ್ಟೇಜಿನ ಮೇಲಿನ ಬಾಕ್ಸಿನ ಮೂರನೇ ತೂತಿಗೆ ಟೆಸ್ಟ್ ಲ್ಯಾಂಪ್ ಹಿಡಿದು ನೋಡೋರು ಯಾರು? ಹತ್ತು ಸಾವಿರದ ಹೂವಿನ ಅಲಂಕಾರ ಮಾಡೋ ಸಮಿತಿಯವರಿಗೆ ಒಂದು ಹಸಿರು ವೈರು ಭಾರವೇ?

ಚಂದಾ ಕೊಡೋ ಯಜಮಾನರೇ, ನಿಮಗೊಂದು ಕೇಳಿಕೆ. ಈ ಸಲ ರಸೀದಿ ಹರಿಯುವಾಗ ಎರಡೇ ಮಾತು ಕೇಳಿ. ಸ್ಟೇಜಿನ ಬಾಕ್ಸಿಗೆ ಅರ್ತ್ ಎಳೆದಿದೀರಾ? ಮೇನ್ ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಸೋರಿಕೆ ಟ್ರಿಪ್ಪರ್ ಹಾಕಿಸಿದೀರಾ? ಕರೆಂಟು ಮನುಷ್ಯನ ಮೈಯಿಂದ ಸೋರಿದ ಕೂಡಲೇ ರೆಪ್ಪೆ ಮಿಟುಕಿಸೋದರೊಳಗೆ ಲೈನು ಕತ್ತರಿಸೋದು ಅದೇ. ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್ ಕೈಯಲ್ಲೇ ಹಾಕಿಸಲಿ. ಹುಡುಗರು "ಹೂಂ ಹಾಕಿಸ್ತೀವಿ ಬಿಡ್ರಿ" ಅಂದರೆ, "ಹಾಕಿಸಿ ಬಾ, ಆಮೇಲೆ ದುಡ್ಡು" ಅನ್ನಿ. ನಿಮ್ಮ ದುಡ್ಡು, ಕೇಳೋ ಹಕ್ಕಿದೆ.

ನುಡಿಸೋ ಹುಡುಗರಿಗೂ ಚಾಚಾ ಒಂದು ಉಪಾಯ ಹೇಳಿದರು. ಸ್ಟೇಜ್ ಹತ್ತಿದ ಕೂಡಲೇ ಗಿಟಾರನ್ನು ಕೊರಳಿಗೆ ಹಾಕ್ಕೊಳ್ಳಬಾರದು. ಸ್ಟ್ಯಾಂಡಿನಲ್ಲೇ ಇಟ್ಟು, ಮೀಟರನ್ನು ಎಸಿ ವೋಲ್ಟಿಗೆ ತಿರುಗಿಸಿ, ಕಡ್ಡಿಗಳ ಪ್ಲಾಸ್ಟಿಕ್ ಹಿಡಿಯನ್ನೇ ಹಿಡಿದು, ಒಂದು ಕಡ್ಡಿ ಗಿಟಾರಿನ ತಂತಿಗೆ, ಇನ್ನೊಂದು ಮೈಕಿನ ಜಾಲರಿಗೆ ಇಟ್ಟು ನೋಡಬೇಕು. ಸೊನ್ನೆಯ ಹತ್ತಿರ ಇದ್ದರೆ ಸೈ. ಮುಳ್ಳು ಮೇಲೆ ಹತ್ತಿದರೆ, ಮಂತ್ರಿಗಳೇ ಎದುರಿಗೆ ಕೂತಿರಲಿ, ನುಡಿಸೋಕೆ ಹೋಗಬಾರದು. ಗುಂಯ್ ನಿಲ್ಲಿಸೋಕೆ ಅರ್ತ್ ಮುರಿಯೋದಂತೂ ತಲೆನೋವಿಗೆ ತಲೆ ತೆಗೆದ ಹಾಗೆ. ಗಿಟಾರಿನ ಆಂಪು, ಹಾಡುಗಾರರ ಮಿಕ್ಸರು ಎರಡಕ್ಕೂ ಅರ್ತ್ ಇರೋ ಒಂದೇ ಬೋರ್ಡಿನಿಂದ ಕರೆಂಟ್ ಕೊಟ್ಟರೆ ಎಷ್ಟೋ ಗುಂಯ್ ತಾನೇ ಅಡಗುತ್ತೆ.

ಸಂಜೆ ಹೊತ್ತಿಗೆ ಕೊನೆಯ ಕೆಲಸ. ಪಿಕಪ್ಪುಗಳ ಎತ್ತರ. ಕೊನೆಯ ಮನೆಯಲ್ಲಿ ತಂತಿ ಒತ್ತಿ ಹಿಡಿದು, ತಂತಿಗೂ ಕಂಬಕ್ಕೂ ನಡುವೆ ತೆಳು ತಂತಿಯ ಕಡೆ ಸುಮಾರು 2 ಮಿಲಿಮೀಟರ್, ದಪ್ಪ ತಂತಿಯ ಕಡೆ ಎರಡೂವರೆ ಬರೋ ಹಾಗೆ ಅಕ್ಕಪಕ್ಕದ ಸ್ಕ್ರೂ ತಿರುಗಿಸಿದರು. ತೀರಾ ಹತ್ತಿರ ತಂದರೆ ದನಿ ಜೋರಾಗುತ್ತೆ ಅಂತ ಆಸೆಬುರುಕರು ಮೇಲೇರಿಸ್ತಾರೆ. ಆಗ ಅಯಸ್ಕಾಂತ ತಂತಿಯನ್ನೇ ಎಳೆದು ಶ್ರುತಿ ಕೆಡಿಸುತ್ತೆ. ಹುಡುಗ ನುಡಿಸಿದ. ಯಾವುದೋ ಹಳೇ ಚಿತ್ರಗೀತೆ, ಪಲ್ಲವಿ ಮಾತ್ರ. ನಡುವಿನ ಪಿಕಪ್ಪು ಗಂಟೆ ಹೊಡೆದ ಹಾಗೆ ಮಾತಾಡಿತು. ಎದುರು ಬೇಕರಿಯವರು ಬಾಗಿಲಿಗೆ ಬಂದು ನಿಂತರು.

ಹುಡುಗ ಗಿಟಾರನ್ನು ಚೀಲಕ್ಕೆ ಹಾಕುವಷ್ಟರಲ್ಲಿ ಚಾಚಾ ಆಂಪಿನ ವೈರು ಕತ್ತರಿಸಿದ್ದರು. ಪೆಟ್ಟಿಗೆಯಿಂದ ಹೊಸ ಮೂರು ಕಾಲಿನ ಪ್ಲಗ್ ತೆಗೆದು ಕೆಂಪು, ಕಪ್ಪು, ಹಸಿರು ಮೂರನ್ನೂ ಸುಲಿದು ಸ್ಕ್ರೂ ಬಿಗಿದರು. ಹಸಿರನ್ನು ಮಾತ್ರ ಎರಡು ಸಲ ಎಳೆದು ನೋಡಿದರು. ಪಿಕಪ್ಪು ಕೂರಿಸಿದ್ದಕ್ಕೆ ಮಜೂರಿ ತಗೊಂಡರು. ಪ್ಲಗ್ಗಿಗೆ ಎಷ್ಟು ಅಂತ ಹುಡುಗ ಕೇಳಿದ್ದಕ್ಕೆ, "ಬಸ್ ಬಂತು, ಹೋಗು" ಅಂದರು.